ತೊಂಬತ್ತು ದಾಟಿದ ಎಣಿಕೆ

ಶಿಷ್ಯನೊಬ್ಬ ಗುರುವಿನ ಬಳಿ ಬಂದು ಕೇಳಿದ: "ಗುರುಗಳೇ, ನಿಮ್ಮ ಹತ್ತಿರ ಬಂದು ಒಂಬತ್ತು ವರ್ಷವಾಯಿತು. ಆಸೆ ಕಡಿಮೆಯಾಗಿದೆ, ಸಿಟ್ಟೂ ಕಡಿಮೆಯಾಗಿದೆ. ಭಯ ಮಾತ್ರ ಹಾಗೇ ಉಳಿದಿದೆ. ಅದು ನನ್ನನ್ನು ಬಿಟ್ಟುಹೋಗಲು ಏನು ಮಾಡಬೇಕು?"

ಗುರು ಅವನನ್ನು ಕೂರಿಸಿಕೊಂಡು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ವ್ಯಾಪಾರಿಯಿದ್ದ. ದೊಡ್ಡ ಆಸ್ಪತ್ರೆಗಳು ಹೊಸ ಯಂತ್ರ ತಂದಾಗ ಹಳೆಯದನ್ನು ಕೊಂಡು, ರಿಪೇರಿ ಮಾಡಿಸಿ, ಸಣ್ಣ ಊರಿನ ಆಸ್ಪತ್ರೆಗಳಿಗೆ ಮಾರುವುದು ಅವನ ಕಸುಬು. ಮೊದಲು ಎಕ್ಸ್‌ರೇ ಯಂತ್ರಗಳನ್ನು ಮಾರುತ್ತಿದ್ದ. ಆಮೇಲೆ ಕ್ಯಾನ್ಸರ್ ಗಡ್ಡೆಯನ್ನು ಸುಡುವ ಕೋಬಾಲ್ಟ್ ಯಂತ್ರಗಳಿಗೆ ಕೈಹಾಕಿದ. ಅವನು ಕೆಟ್ಟವನಲ್ಲ. ಅವನಿಂದಾಗಿ ಎಷ್ಟೋ ಊರಿನ ರೋಗಿಗಳಿಗೆ ದೂರದ ಪಟ್ಟಣಕ್ಕೆ ಅಲೆಯುವುದು ತಪ್ಪಿತ್ತು.

ಆ ಯಂತ್ರದ ಗುಟ್ಟು ಇಷ್ಟೇ. ಸೀಸ ತುಂಬಿದ ಭಾರವಾದ ತಲೆಯೊಂದರ ಒಳಗೆ ಹೆಬ್ಬೆರಳಿನಷ್ಟು ಲೋಹ ಇರುತ್ತದೆ. ಅದರಿಂದ ಕಿರಣ ಹೊರಡುತ್ತಲೇ ಇರುತ್ತದೆ. ಅದನ್ನು ಆರಿಸಲು ಬರುವುದಿಲ್ಲ, ಬಚ್ಚಿಡಲು ಮಾತ್ರ ಬರುತ್ತದೆ. ಗುಂಡಿ ಒತ್ತಿದರೆ ಲೋಹವಿರುವ ಡ್ರಾಯರ್ ಮುಂದಕ್ಕೆ ಜಾರಿ, ಕಿರಣ ರೋಗಿಯ ಮೇಲೆ ಬೀಳುತ್ತದೆ. ಗೊತ್ತುಮಾಡಿದ ಹೊತ್ತು ಮುಗಿದೊಡನೆ ಡ್ರಾಯರ್ ತಾನಾಗಿ ಹಿಂದಕ್ಕೆ ಹೋಗಬೇಕು.

ಒಮ್ಮೆ ವ್ಯಾಪಾರಿ ಅಂಥ ಹಳೆಯ ಯಂತ್ರವೊಂದನ್ನು ಒಂದು ಸಣ್ಣ ಊರಿನ ಆಸ್ಪತ್ರೆಗೆ ಕೊಟ್ಟ. ಇಪ್ಪತ್ತು ವರ್ಷದಿಂದ ಅವನ ಜೊತೆಗಿದ್ದ ಫಿಟ್ಟರ್ ಅದನ್ನು ಜೋಡಿಸಿದ. ರೋಗಿಯಿಲ್ಲದೆ ಇನ್ನೂರು ಸಲ ನಡೆಸಿ ನೋಡಿದ. ನಂತರ ವ್ಯಾಪಾರಿಯನ್ನು ಪಕ್ಕಕ್ಕೆ ಕರೆದು ಹೇಳಿದ: "ಯಜಮಾನ್ರೇ, ಒಂದು ಸಲ ಡ್ರಾಯರ್ ಹಿಂದಕ್ಕೆ ಹೋಗದೆ ನಿಂತುಬಿಟ್ಟಿತು. ಸ್ವಲ್ಪ ಹೊತ್ತಾದ ಮೇಲೆ ತಾನೇ ಹೋಯಿತು. ಅದನ್ನು ತಳ್ಳುವ ಭಾಗ ಸವೆದಿದೆ. ಹೊಸದು ಬರಲು ಮೂರು ತಿಂಗಳು ಬೇಕು."

"ಉಳಿದ ನೂರ ತೊಂಬತ್ತೊಂಬತ್ತು ಸಲ?"

"ಸರಿಯಾಗಿಯೇ ಹೋಯಿತು."

ವ್ಯಾಪಾರಿ ಯೋಚಿಸಿದ. ಮುಂದಿನ ವಾರ ಯಂತ್ರ ಶುರುವಾಗುತ್ತದೆ ಎಂದು ಆ ಆಸ್ಪತ್ರೆಯ ವೈದ್ಯೆ ಊರಿಗೆಲ್ಲ ಹೇಳಿಯಾಗಿತ್ತು. ಈಗ ಬೇಡವೆಂದರೆ ಕೆಟ್ಟ ಯಂತ್ರ ಮಾರುವವನು ಎಂಬ ಹೆಸರು ಬರುತ್ತದೆ. ಆ ಹೆಸರು ಒಮ್ಮೆ ಬಂದರೆ ಹೋಗುವುದಿಲ್ಲ. ಅವನಿಗೆ ಭಯವಾಯಿತು. "ಭಾಗ ತರಿಸು. ಬಂದ ಮೇಲೆ ಹಾಕೋಣ. ಅಲ್ಲಿಯವರೆಗೆ ಸುಮ್ಮನಿರು" ಎಂದ. ಫಿಟ್ಟರ್ ತಲೆ ತಗ್ಗಿಸಿದ. ಯಂತ್ರಕ್ಕೆ ಒಪ್ಪಿಗೆ ಕೊಡುವ ಸರ್ಕಾರಿ ಅಧಿಕಾರಿಗಳು ಬಂದು ಹತ್ತಾರು ಸಲ ನಡೆಸಿ ನೋಡಿದರು. ಅಷ್ಟೂ ಸಲ ಡ್ರಾಯರ್ ಸರಿಯಾಗಿ ಹಿಂದಕ್ಕೆ ಹೋಯಿತು. ಅವರು ಸಹಿ ಹಾಕಿದರು. ಆಸ್ಪತ್ರೆಯವರು ಯಂತ್ರಕ್ಕೆ ಕುಂಕುಮವಿಟ್ಟು ನಿಂಬೆಹಣ್ಣು ಕಟ್ಟಿದರು. ಕೆಲಸ ಶುರುವಾಯಿತು.

ಅಂದಿನಿಂದ ವ್ಯಾಪಾರಿಗೆ ಊಟ ಸೇರಲಿಲ್ಲ. ಫೋನು ಸದ್ದು ಮಾಡಿದರೆ ಅವನ ಎದೆ ಹಾರುತ್ತಿತ್ತು. ತನ್ನ ಮೇಜಿನ ಡ್ರಾಯರ್ ಎಳೆಯುವುದನ್ನೂ ಬಿಟ್ಟ. ಹೆಂಡತಿ ಕಾರಣ ಕೇಳಿದರೆ ಮೈ ಸರಿಯಿಲ್ಲ ಎಂದ. ದಿನವೂ ಏನಾದರೂ ನೆಪ ಮಾಡಿಕೊಂಡು ಆಸ್ಪತ್ರೆಗೆ ಫೋನು ಮಾಡುತ್ತಿದ್ದ. "ಯಂತ್ರ ಚೆನ್ನಾಗಿದೆ" ಎನ್ನುತ್ತಿದ್ದರು. ಆ ಮಾತಿನಿಂದ ಒಂದು ಗಳಿಗೆ ಸಮಾಧಾನವಾಗುತ್ತಿತ್ತು. ಮರುಗಳಿಗೆಯೇ, ಇವತ್ತು ಚೆನ್ನಾಗಿದೆ, ನಾಳೆ ಹೇಗೋ ಎಂಬ ಭಯ ಹೊಸದಾಗಿ ಹುಟ್ಟುತ್ತಿತ್ತು. ಭಯ ಹೋಗಲೆಂದು ದೇವರಿಗೆ ಹರಕೆ ಹೊತ್ತ. ತೋಳಿಗೆ ತಾಯಿತ ಕಟ್ಟಿಸಿಕೊಂಡ. ಏನೂ ಆಗಲಿಲ್ಲ.

ಕೊನೆಗೆ ಅವನಿಗೆ ಒಂದು ದಾರಿ ಹೊಳೆಯಿತು. ಫೋನು ಮಾಡುವುದನ್ನೇ ಬಿಟ್ಟ. ಆ ಊರಿನ ಹೆಸರು ತೆಗೆಯಬಾರದೆಂದು ಫಿಟ್ಟರನಿಗೂ ಹೇಳಿದ. ಭಯ ನಿಧಾನವಾಗಿ ಸಣ್ಣದಾಯಿತು. ಮತ್ತೆ ಹಸಿವಾಗತೊಡಗಿತು.

ಹೀಗಿರುವಾಗ, ಹೊಸ ಭಾಗ ಬರುವ ಮೊದಲೇ, ವೈದ್ಯೆಯಿಂದಲೇ ಫೋನು ಬಂತು. "ನಮ್ಮ ಊರಿನವರು ನಿಮಗೆ ಒಂದು ಹಾರ ಹಾಕಬೇಕು ಎನ್ನುತ್ತಿದ್ದಾರೆ. ನೀವು ಬರಲೇಬೇಕು" ಎಂದಳು. ಹೋಗದಿದ್ದರೆ ಅನುಮಾನ ಬಂದೀತೆಂದು ಅವನು ಹೋದ.

ಅವನು ಆಸ್ಪತ್ರೆ ತಲುಪಿದಾಗ ಇನ್ನೂ ಬೆಳಗಿನ ಹೊತ್ತು. ವೈದ್ಯೆ ಒಳಗೆ ರೋಗಿಗಳನ್ನು ನೋಡುತ್ತಿದ್ದಳು. ಅವನು ಹೊರಗಿನ ಬೆಂಚಿನ ಮೇಲೆ ಕುಳಿತ. ಪಕ್ಕದಲ್ಲಿ ಕುತ್ತಿಗೆಯ ಮೇಲೆ ಕಿರಣ ಬೀಳಬೇಕಾದ ಜಾಗಕ್ಕೆ ಬಣ್ಣದ ಗೆರೆ ಎಳೆಸಿಕೊಂಡ ಹೆಂಗಸೊಬ್ಬಳಿದ್ದಳು. ಅವಳ ಹೆಸರು ಫಕೀರವ್ವ. ಇವನೂ ರೋಗಿಯೆಂದು ತಿಳಿದು ಅವಳು ಕೇಳಿದಳು: "ನಿಮಗ ಎಲ್ಲೈತ್ರೀ ಗಡ್ಡಿ?"

"ನನಗೇನೂ ಇಲ್ಲಮ್ಮ. ಈ ಯಂತ್ರ ತಂದುಕೊಟ್ಟವನು ನಾನು."

ಅವಳು ಕೈಮುಗಿದಳು. "ನೀವ ಏನ್ರೀ ಅದು? ಹಂಗಾದ್ರ ಒಂದ್ ಮಾತ ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನನ್ನ ಒಬ್ಬಾಕಿನ್ನ ಒಳಗ ಮಲಗಿಸಿ, ಎಲ್ಲಾರೂ ಲಗುಲಗು ಹೊರಗ ಹೋಗಿ ಬಾಗಲಾ ಹಾಕ್ಕೋತಾರ. ಅಷ್ಟು ಅಂಜುವಂಥಾದ್ದು ಅದರಾಗ ಏನೈತ್ರಿ?"

"ಏನೂ ಇಲ್ಲ" ಎಂದ ವ್ಯಾಪಾರಿ.

"ನನಗ ಅಂಜಿಕಿ ಬರ್ತದ್ರಿ. ಅದಕ್ಕ ಒಳಗ ಎಣಿಸ್ಕೋತ ಮಲಗಿರ್ತೀನಿ. ದಿನಾ ತೊಂಬತ್ತಕ್ಕ ಟಕ್ ಅಂತ ಸಪ್ಪಳಾಗಿ ನಿಲ್ತಿತ್ತು. ನಿನ್ನೆ ನೂರಾ ನಲವತ್ತಾದ್ರೂ ನಿಲ್ಲಲಿಲ್ಲ. ನನ್ನ ಎಣಿಕಿನ ತಪ್ಪಿತೋ ಏನೋ. ಯಾರಿಗೂ ಹೇಳಿಲ್ರಿ, ನಗತಾರಂತ. ನೀವು ಯಂತ್ರದವರು, ಅದಕ್ಕ ನಿಮಗ ಹೇಳಿದೆ."

ಅಷ್ಟರಲ್ಲಿ ಒಳಗಿನಿಂದ ಅವಳ ಹೆಸರು ಕರೆದರು. ಅವಳು ಎದ್ದು ಹೋದಳು.

ವ್ಯಾಪಾರಿ ಎದ್ದ. ಈಗ ಬಾಯಿಬಿಟ್ಟರೆ ಇಲ್ಲಿರುವ ಅಷ್ಟೂ ಜನ ತನ್ನತ್ತ ತಿರುಗುತ್ತಾರೆ ಎನಿಸಿತು. ಕುಳಿತ. ಅವಳ ಎಣಿಕೆ ನಿಜವಾಗಿಯೂ ತಪ್ಪಿರಬಹುದು ಎಂದುಕೊಂಡ. ಮತ್ತೆ ಎದ್ದ. ಗುಂಡಿ ಒತ್ತುವ ಕೋಣೆಗೆ ಅವನು ಹೋಗಿ ನಿಂತಾಗ ಯಂತ್ರದ ಕೋಣೆಯ ದಪ್ಪ ಬಾಗಿಲು ಮುಚ್ಚಿಯಾಗಿತ್ತು. ಕಿರಣ ಬೀಳುತ್ತಿದೆ ಎಂದು ತೋರಿಸುವ ಕೆಂಪು ದೀಪ ಹೊತ್ತಿಕೊಂಡಿತ್ತು.

ಯಂತ್ರ ನಡೆಸುವ ಹೆಣ್ಣುಮಗಳು ಅವನ ಗುರುತು ಹಿಡಿದು ನಕ್ಕಳು. ಅವನು ನಗಲಿಲ್ಲ. ಮನಸ್ಸಿನಲ್ಲೇ ಎಣಿಸುತ್ತಿದ್ದ. ಹೊತ್ತು ಮುಗಿಯಿತೆಂದು ಗಂಟೆ ಹೊಡೆಯಿತು. ದೀಪ ಆರಲಿಲ್ಲ.

"ನಿನ್ನೆಯೂ ಹೀಗೇ ಆಯಿತು. ಈ ದೀಪ ಬೇಗ ಆರುವುದಿಲ್ಲ" ಎಂದು ಅವಳು ಅದನ್ನು ಬೆರಳಿನಿಂದ ತಟ್ಟಿದಳು. ಇನ್ನೊಮ್ಮೆ ತಟ್ಟಿದಳು.

"ಕೆಟ್ಟಿರುವುದು ದೀಪವಲ್ಲ" ಎಂದ ವ್ಯಾಪಾರಿ. ಅವಳಿಗೆ ಕೇಳಿಸಲಿಲ್ಲ. ಗಂಟಲು ಹರಿಯುವಂತೆ ಮತ್ತೆ ಕೂಗಿದ: "ದೀಪ ಕೆಟ್ಟಿಲ್ಲ! ಕಿರಣ ಅವಳ ಮೇಲೆಯೇ ಇದೆ!"

ಹೆಣ್ಣುಮಗಳು ಕಲ್ಲಿನಂತೆ ನಿಂತಳು. ಡ್ರಾಯರ್ ಸಿಕ್ಕಿಕೊಂಡರೆ ತಳ್ಳಲೆಂದು ಗೋಡೆಗೆ ಒಂದು ಕಬ್ಬಿಣದ ಸರಳು ತೂಗುಹಾಕಿತ್ತು. ವ್ಯಾಪಾರಿ ಅದನ್ನು ಕಿತ್ತುಕೊಂಡು ಬಾಗಿಲು ತೆರೆದು ಒಳಗೆ ಹೋದ. ಒಳಗೆ ಬೆಂಕಿಯಿಲ್ಲ, ಹೊಗೆಯಿಲ್ಲ, ಸದ್ದೂ ಇಲ್ಲ. ಕಣ್ಣಿಗೆ ಏನೂ ಕಾಣುವುದಿಲ್ಲ. ಫಕೀರವ್ವ ಅಲುಗಾಡದೆ ಮಲಗಿದ್ದಳು. ಅವಳ ತುಟಿಗಳು ಮಾತ್ರ ಆಡುತ್ತಿದ್ದವು. ಅವನು ಅವಳ ರಟ್ಟೆ ಹಿಡಿದು ಪಕ್ಕಕ್ಕೆ ಎಳೆದ. "ಏಳಮ್ಮ, ಹೊರಗೆ ಹೋಗು, ತಿರುಗಿ ನೋಡಬೇಡ" ಎಂದ. ಅವಳು ಓಡಿದಳು. ಅವನು ಸರಳನ್ನು ಯಂತ್ರದ ತಲೆಗೆ ಸೇರಿಸಿ ಇದ್ದಬದ್ದ ಶಕ್ತಿಯಿಂದ ತಳ್ಳಿದ. ಟಕ್ ಎಂದು ಸದ್ದಾಯಿತು. ಆಗ ಕೆಂಪು ದೀಪ ಆರಿತು.

ವೈದ್ಯೆ ಓಡಿಬಂದಳು. ಬಾಗಿಲಲ್ಲಿ ಜನ ಸೇರಿದರು. ವೈದ್ಯೆ ಅವನ ಮುಖ ನೋಡಿ ಒಂದೇ ಮಾತು ಕೇಳಿದಳು: "ಹೀಗಾಗುತ್ತದೆಂದು ನಿಮಗೆ ಮೊದಲೇ ಗೊತ್ತಿತ್ತೇ?"

ಗೊತ್ತಿರಲಿಲ್ಲ ಎನ್ನಬಹುದಿತ್ತು. ಫಿಟ್ಟರ್ ಹೇಳಲಿಲ್ಲ ಎನ್ನಬಹುದಿತ್ತು. ಯಂತ್ರದ ಕೋಣೆಗೆ ನುಗ್ಗುವಾಗ ಆಗದಷ್ಟು ಭಯ ಅವನಿಗೆ ಆ ಗಳಿಗೆಯಲ್ಲಾಯಿತು.

"ಗೊತ್ತಿತ್ತು" ಎಂದ.

ವೈದ್ಯೆ ಬೈಯಲಿಲ್ಲ. ಅಲ್ಲೇ ಇದ್ದ ಸ್ಟೂಲಿನ ಮೇಲೆ ಕುಸಿದು ಕುಳಿತಳು.

ಅಧಿಕಾರಿಗಳು ಬಂದು ಯಂತ್ರಕ್ಕೆ ಬೀಗ ಹಾಕಿದರು. ಅವನ ಪರವಾನಗಿ ಹೋಯಿತು. ಅದಕ್ಕೂ ಮೊದಲು ಡ್ರಾಯರ್ ಎಷ್ಟು ಸಲ, ಯಾರ ಮೈಮೇಲೆ ಹಾಗೆ ನಿಂತಿತ್ತೋ ಯಾರಿಗೂ ತಿಳಿಯಲಿಲ್ಲ. ಮಲಗಿದವರೆಲ್ಲ ಎಣಿಸುವುದಿಲ್ಲ. ಆ ಊರಿನ ರೋಗಿಗಳು ಮತ್ತೆ ದೂರದ ಪಟ್ಟಣಕ್ಕೆ ಹೋಗಬೇಕಾಯಿತು. ಹೋಗಬಲ್ಲವರು ಹೋದರು. ಕೆಲವರು ಹೋಗಲಿಲ್ಲ. ಹೋಗದವರ ಹೆಸರನ್ನು ವೈದ್ಯೆ ಒಂದೊಂದಾಗಿ ಅವನಿಗೆ ಹೇಳಿದಳು.

ಫಕೀರವ್ವನ ಕುತ್ತಿಗೆಯ ಚರ್ಮ ಸುಟ್ಟು ಹುಣ್ಣಾಯಿತು. ಮಾಯಲು ಐದು ತಿಂಗಳು ಹಿಡಿಯಿತು. ವ್ಯಾಪಾರಿ ಅವಳ ಮನೆಗೆ ಹೋದ. ಅವಳು ಗಂಜಿ ಕುಡಿಯುತ್ತಿದ್ದಳು. ಒಂದೊಂದು ಗುಟುಕಿಗೂ ಕಣ್ಣು ಮುಚ್ಚುತ್ತಿದ್ದಳು. ಬಟ್ಟಲು ಕೆಳಗಿಟ್ಟು ಕೇಳಿದಳು: "ಮೊದಲ ಯಾಕ ಹೇಳಲಿಲ್ರಿ?"

"ಭಯವಾಯಿತಮ್ಮ."

"ನನಗೂ ಅಂಜಿಕಿ ಇತ್ತಲ್ರಿ" ಎಂದಳು ಅವಳು. "ಆದ್ರೂ ನಾ ನಿಮಗ ಹೇಳಿದ್ನಲ್ಲ."

ವ್ಯಾಪಾರಿ ಎದ್ದು ಬಂದ. ಮರುದಿನವೇ ಫಿಟ್ಟರನ ಮನೆಗೆ ಹೋಗಿ ಕ್ಷಮೆ ಕೇಳಿದ. ಅವನನ್ನು ಕರೆದುಕೊಂಡು, ತಾನು ಅಲ್ಲಿಯವರೆಗೆ ಯಂತ್ರ ಮಾರಿದ್ದ ಊರುಗಳಿಗೆಲ್ಲ ಹೊರಟ. ನಾನು ಹೀಗೆ ಹೀಗೆ ಮಾಡಿದವನು, ನನ್ನ ಕೈಯಿಂದ ಬಂದ ಯಂತ್ರವನ್ನು ನಂಬಬೇಡಿ, ನಿಮ್ಮವರಿಂದ ಇನ್ನೊಮ್ಮೆ ಪರೀಕ್ಷೆ ಮಾಡಿಸಿ ಎಂದು ಹೇಳಿದ. ಒಂದು ಕಡೆ ಅವನನ್ನು ಗೇಟಿನಿಂದಲೇ ಓಡಿಸಿದರು. ಒಂದು ಕಡೆ ಹುಚ್ಚನೆಂದರು. ಎರಡು ಕಡೆ ಅದೇ ಭಾಗ ಸವೆದಿದ್ದು ಕಂಡುಬಂತು. ಪರೀಕ್ಷೆ ಮುಗಿಯುವವರೆಗೂ ಅವನು ರೋಗಿಗಳು ಕೂರುವ ಬೆಂಚಿನ ಮೇಲೆ, ಅವರ ನಡುವೆಯೇ ಕುಳಿತಿರುತ್ತಿದ್ದ. ಯಂತ್ರ ನಡೆಸಿದಾಗಲೆಲ್ಲ, ಅದು ನಿಲ್ಲುವವರೆಗೂ ಹೆದರುತ್ತಲೇ ಎಣಿಸುತ್ತಿದ್ದ.

ಗುರು ಕತೆ ನಿಲ್ಲಿಸಿದರು.

ಶಿಷ್ಯ ಕೇಳಿದ: "ಹಾಗಾದರೆ ಕೊನೆಗೂ ಅವನ ಭಯ ಹೋಗಲಿಲ್ಲವೇ, ಗುರುಗಳೇ?"

"ಹೋಗಲಿಲ್ಲ. ಮೊದಲು ತನಗಾಗಿ ಹೆದರುತ್ತಿದ್ದ, ಆಮೇಲೆ ಆ ಬೆಂಚಿನ ಮೇಲೆ ಕುಳಿತವರಿಗಾಗಿ ಹೆದರಿದ. ನೀನು ಹೆದರುತ್ತಿರುವುದು ಯಾರಿಗಾಗಿ?"