ಗಾಜಿನ ಬೀರುವಿನ ಬೀಗ

ಅರ್ಥಶಾಸ್ತ್ರ ಸಂಸ್ಥೆಯ ವರದಿಗಳನ್ನೆಲ್ಲ ಯಾರು ಬೇಕಾದರೂ ಅಂತರ್ಜಾಲದಲ್ಲಿ ಪುಕ್ಕಟೆ ಓದುವಂತಾದ ಮೇಲೆ, ಗ್ರಂಥಾಲಯದ ಗಾಜಿನ ಬೀರುವಿನ ಹಿತ್ತಾಳೆ ಬೀಗಕ್ಕೆ ಕೆಲಸವಿಲ್ಲದಾಯಿತು. ಅದು ತೆರೆದೇ ನೇತಾಡುತ್ತ, ಒಳಗಿದ್ದ ನೇಕಾರರ ಕೂಲಿಯ ಹಳೆಯ ವರದಿಗೆ ಹೇಳಿತು:

“ಎಂಥ ಕಾಲವಿತ್ತು ರಾಯರೇ! ಜವಾನ ಬೀಗದ ಕೈ ಗೊಂಚಲು ಅಲ್ಲಾಡಿಸುತ್ತ ಬಂದರೆ ಓದುವವರು ಎದ್ದು ನಿಲ್ಲುತ್ತಿದ್ದರು. ಪ್ರಾಧ್ಯಾಪಕರ ಚೀಟಿ ಇಲ್ಲದವರಿಗೆ ನಿಮ್ಮ ಬೆನ್ನಷ್ಟೇ ಕಾಣುತ್ತಿತ್ತು. ಆ ಮರ್ಯಾದೆ ಈಗೆಲ್ಲಿ?”

“ನನಗೂ ಆ ದಿನಗಳು ನೆನಪಾಗುತ್ತವೆ ಬೀಗಪ್ಪ,” ಎಂದಿತು ವರದಿ. “ಗುಳೇದಗುಡ್ಡದ ಈರವ್ವ ಮಗ್ಗ ನಿಲ್ಲಿಸಿ ತನ್ನ ಕೂಲಿಯ ಕಥೆ ಹೇಳಿದ್ದಳು. ನನ್ನ ಮೊದಲ ಅಧ್ಯಾಯ ಪೂರ್ತಿ ಅವಳ ಮಾತೇ. ಅಚ್ಚಾದ ಮೇಲೆ ನನ್ನನ್ನು ನೋಡಲು ಇಲ್ಲಿಗೆ ಬಂದಿದ್ದಳು.”

“ಚೀಟಿ ತಂದಿದ್ದಳೇ?”

“ಇಲ್ಲ. ಗಾಜಿನ ಮೇಲೆ ಅಂಗೈ ಇಟ್ಟು, ಸ್ವಲ್ಪ ಹೊತ್ತು ನೋಡಿ ಹೋದಳು. ನಿನ್ನೆ ಅವಳ ಮೊಮ್ಮಗಳು ಮಗ್ಗದ ಪಕ್ಕ ಕೂತು, ಫೋನಿನಲ್ಲಿ ನನ್ನನ್ನು ಗಟ್ಟಿಯಾಗಿ ಓದಿದಳು. ನೇಯುತ್ತಿದ್ದ ಅವಳ ತಾಯಿ ಮಗ್ಗ ನಿಲ್ಲಿಸಿ, ‘ನಮ್ಮವ್ವ ಹಿಂಗ ಮಾತಾಡ್ತಿದ್ಲು’ ಎಂದಳು.”

ಬೀಗ ಗಾಜಿನ ಮೇಲೆ ಆ ಅಂಗೈ ಗುರುತು ಹುಡುಕಿತು. ಅದನ್ನು ಜವಾನ ಅಂದೇ ಒರೆಸಿಬಿಟ್ಟಿದ್ದ.