ಕುಂಕುಮ ಇಟ್ಟ ಟ್ಯಾಬು

ಆಯುಧಪೂಜೆಯಂದು ಕುಂಕುಮ ಇಡಿಸಿಕೊಂಡು ಶಾಲೆಯ ಬೀರು ಸೇರಿದ ಹೊಸ ಟ್ಯಾಬು ಆಮೇಲೆ ಹೊರಬಂದಿರಲಿಲ್ಲ. ಬಳಸದಿದ್ದರೆ ನಾಳೆ ಇಲಾಖೆಯವರು ವಾಪಸ್ ಒಯ್ಯುತ್ತಾರೆಂದು ಕೇಳಿದ್ದೇ ಅದು ಪಕ್ಕದ ಸೀಮೆಸುಣ್ಣದ ಕಡೆ ತಿರುಗಿತು.

"ಸೀಮೆಸುಣ್ಣಣ್ಣ, ಇಡೀ ವರ್ಷದ ಪಾಠ ಹೊತ್ತು ಕೂತಿದ್ದೇನೆ. ಮೇಷ್ಟ್ರು ನನ್ನನ್ನು ಯಾಕೆ ಮುಟ್ಟಲ್ಲ?"

"ಒಡೆದರೆ ತಲೆಗೆ ಬರುತ್ತೆ ಅಂತ ಹೆದರಿಕೆ ಕಣಯ್ಯಾ! ನಾನು ದಿನಾ ಮುರಿಯುತ್ತೇನೆ, ಅದಕ್ಕೇ ದಿನಾ ಹಿಡಿಯುತ್ತಾರೆ."

ಟ್ಯಾಬು ಅಂಚಿಗೆ ಸರಿಯಿತು. ಸೀಮೆಸುಣ್ಣಕ್ಕೆಂದು ಚೆನ್ನಬಸಪ್ಪ ಮೇಷ್ಟ್ರು ಬಾಗಿಲು ತೆರೆದದ್ದೇ ತಡ, ಕಣ್ಣುಮುಚ್ಚಿ ಧೊಪ್ಪೆಂದು ಬಿತ್ತು. ಗಾಜಿನ ಮೂಲೆ ಬಿರುಕುಬಿಟ್ಟಿತು.

ಮೇಷ್ಟ್ರು ತಲೆಯ ಮೇಲೆ ಕೈಹೊತ್ತು ಕೂತರು. ಆಮೇಲೆ ಉಸಿರುಬಿಟ್ಟು ಮಕ್ಕಳನ್ನು ಕರೆದರು: "ಬನ್ರೋ, ಹೇಗೂ ಒಡೆದಾಯ್ತು. ಇನ್ಯಾತರ ಭಯ? ಒತ್ತಿ ನೋಡೋಣ!"

ಕುಂಕುಮದ ಮೇಲೆ ಮೊದಲು ಬಿದ್ದದ್ದು ಮೇಷ್ಟ್ರದೇ ಸುಣ್ಣದ ಬೆರಳು.