ಹುಸೇನಬಿಯ ಹುಣಸೇಬೀಜ

ಒಂದಾನೊಂದು ಕಾಲದಲ್ಲಿ, ಕೆರೆ ತುಂಬಿದ್ದ ಕಾಲ ಅಂತಿಟ್ಕೋ ಮಗಾ, ಒಂದೂರಲ್ಲಿ ಮೂರು ಬೀದಿ ಇದ್ವಂತೆ, ಬಸವಣ್ಣನದೊಂದು, ಮಾರಮ್ಮನದೊಂದು, ಪೀರಪ್ಪನದೊಂದು. ಮೂರಕ್ಕೂ ಕೆರೆ ಮಾತ್ರ ಒಂದೇ. ತೂಬು ಎತ್ತಿ ಎಲ್ಲರ ಗದ್ದೆಗೂ ನೀರು ಬಿಡೋ ನೀರುಗಂಟೀನ ವರ್ಷಕ್ಕೊಮ್ಮೆ ಊರೇ ಆರಿಸ್ತಿತ್ತಂತೆ. ಕೆರೆ ಏರಿ ಮೇಲೆ ಕಂಬಳಿ ಮರೆ ಕಟ್ಟಿ, ನೀರುಗಂಟಿ ಆಗ್ತೀನಿ ಅಂತ ನಿಂತೋರದು ಒಳಗೆ ಒಂದೊಂದು ಗಡಿಗೆ ಇಟ್ಟು, ಮನೆಗೊಂದು ಹುಣಸೇಬೀಜ ಹಾಕೋದು. ಯಾರ ಬೀಜ ಯಾವ ಗಡಿಗೆಗೆ ಬಿತ್ತು ಅಂತ ದೇವರಿಗೂ ಗೊತ್ತಾಗ್ತಿರಲಿಲ್ಲ. ಪ್ರತಿ ವರ್ಷ ತುಂಬೋದು ಮಾರಮ್ಮನ ಬೀದಿ ದೊಡ್ಡೀರಮ್ಮನ ಗಡಿಗೇನೇ. ಪೀರಪ್ಪನ ಬೀದಿ ಹುಸೇನಬಿ ಅವಳ ಗೆಳತಿ. ಹುಸೇನಬಿ ಗಂಡ ಸತ್ತ ವರ್ಷ ಅವಳ ಪೈರು ಒಣಗದ ಹಾಗೆ ನೋಡ್ಕೊಂಡಿದ್ದು ದೊಡ್ಡೀರಮ್ಮಾನೇ.

ಆಮೇಲೆ ಒಂದು ವರ್ಷ ಮೂರು ಬೀದಿ ಹಿರೀಕರೂ ಸೇರಿ, ಮರೇಲಿ ಹಾಕೋ ಬೀಜಕ್ಕೆ ಏನು ನಂಬಿಕೆ, ಅವರವರ ದೇವರೆದುರಿಗೆ ಹಾಕಲಿ ಅಂದ್ರಂತೆ. ಊರೂ ಒಳ್ಳೇದೇ ಅಂತು. ಒಂದೊಂದು ದೇವರ ಮುಂದೆಯೂ ಎರಡೆರಡು ಗಡಿಗೆ, ಹಿರೀಕರು ಆ ಬೀದಿಯಿಂದ ನಿಲ್ಲಿಸಿದವನ ಗಡಿಗೆಗೆ ದೇವರ ಮೇಲಿಂದ ತೆಗೆದ ಹೂವು, ದೊಡ್ಡೀರಮ್ಮಂದಕ್ಕೆ ಏನೂ ಇಲ್ಲ. ಹುಸೇನಬಿ ಬೀಜ ಹಿಡ್ಕೊಂಡು ಪೀರಪ್ಪನ ಮುಂದೆ ನಿಂತ್ಳಂತೆ, ಲೋಬಾನದ ಹೊಗೆ, ಸುತ್ತ ನೆಂಟರ ಕಣ್ಣು, ಹೂವಿಲ್ಲದ ಗಡಿಗೆ ಕಡೆಗೆ ಕೈ ಹೋಗಲೇ ಇಲ್ಲವಂತೆ.

ಸಂಜೆ ಎಣಿಸಿದ್ರೆ ದೊಡ್ಡೀರಮ್ಮನ ಮೂರು ಗಡಿಗೇನೂ ಖಾಲಿ, ಬೀದಿಗೊಬ್ಬ ನೀರುಗಂಟಿ. ಹುಸೇನಬಿ ಅಳ್ತಾ ಅವಳ ಮನೆಗೆ ಹೋಗಿ, ಅಕ್ಕಾ, ಪೀರಪ್ಪ ನೋಡ್ತಿದ್ದ, ಕೈ ಬರ್ಲಿಲ್ಲ ಅಂದ್ಳಂತೆ. ದೊಡ್ಡೀರಮ್ಮ ಒಂದು ಲೋಟ ಮಜ್ಜಿಗೆ ಕೊಟ್ಟು, ಅಳಬೇಡ ಕಣೇ, ಮಾರಮ್ಮನ ಮುಂದೆ ನನ್ನ ಗಡಿಗೆಗೆ ಹಾಕಕ್ಕೆ ನನಗೇ ಕೈ ಬರ್ಲಿಲ್ಲ, ಇನ್ನು ನಿನಗೆಲ್ಲಿ ಬರ್ತದೆ ಅಂದ್ಳಂತೆ.

ಆಮೇಲೆ ಮೊದಲ್ನೇ ದಿನ ಒಬ್ಬ ತೂಬು ಎತ್ತಿದ, ಎರಡ್ನೇ ದಿನ ಇನ್ನೊಬ್ಬ ಮುಚ್ಚಿದ, ಮೂರ್ನೇ ದಿನ ಮೂವರೂ ಎಳೆದಾಡಿ ತೂಬಿನ ಹಲಗೆ ಸೀಳಿ, ಕೆರೆ ನೀರೆಲ್ಲ ಹಳ್ಳ ಸೇರ್ತಂತೆ. ಹಾಲುಗಾಳು ಕಟ್ಟಿದ್ದ ಭತ್ತ ಮೂರು ಬೀದೀದೂ ಒಂದೇ ಸಮ ಒಣಗ್ತು. ಆ ಬೇಸಿಗೇಲಿ ಒಡೆದ ತೂಬಿನ ಹತ್ರ ಒಬ್ಬಳೇ ಮಣ್ಣು ಹೊರ್ತಾ ಹೊರ್ತಾ, ಸುಸ್ತಾಗಿ ಕೂತ ದೊಡ್ಡೀರಮ್ಮ ಮತ್ತೆ ಏಳಲಿಲ್ಲವಂತೆ.

ಮುಂದಿನ ವರ್ಷ ಮಳೆಗೆ ಕೆರೆ ತುಂಬೋ ಮುಂಚೆ ಊರೇ ಸೇರಿ ತೂಬಿಗೆ ಹೊಸ ಹಲಗೆ ಹಾಕ್ತಂತೆ. ಆಮೇಲೆ ಎಲ್ಲರೂ ಮನೇಲೇ ದೇವರಿಗೆ ಕೈಮುಗಿದು ಬಂದು, ಏರಿ ಮೇಲೆ ಮತ್ತೆ ಕಂಬಳಿ ಮರೆ ಕಟ್ಟಿದ್ರಂತೆ. ಆ ಮೂವರ ಗಡಿಗೆ ಪಕ್ಕದಲ್ಲಿ ಹುಸೇನಬಿ ಸತ್ತವಳ ಹಳೇ ಗಡಿಗೇನೂ ಇಟ್ಟು, ಹೋದ ವರ್ಷ ಹಾಕಬೇಕಿದ್ದ ಬೀಜ ಹಾಕಿದ್ಳಂತೆ. ಸಂಜೆ ನೋಡಿದ್ರೆ ಅದೇ ತುಂಬಿತ್ತು. ಒಬ್ಬರಿಗೊಬ್ಬರು ಹೇಳದೆ ಊರೆಲ್ಲ ಅದರೊಳಗೇ ಹಾಕಿತ್ತು. ಯಾರೂ ತಲೆ ಎತ್ತಲಿಲ್ಲವಂತೆ. ಆಮೇಲೆ ಒಬ್ಬ ಹಿರಿಯ, ಅವಳ ಬದಲು ನೀನೇ ಎತ್ತವ್ವಾ ಅಂತ ಹುಸೇನಬಿನ ತೂಬಿನ ಹತ್ರ ಕರ್ಕೊಂಡು ಹೋದನಂತೆ.

ಅವಳು ಎತ್ತಿದ್ಳು, ನೀರು ಮೂರು ಬೀದಿ ಗದ್ದೆಗೂ ಹೋಯ್ತು, ಊರು ಹೊಟ್ಟೆ ತುಂಬ ಉಂಡಿತು. ಆದ್ರೂ ದಿನಾ ತೂಬು ಎತ್ತೋ ಮುಂಚೆ ಹುಸೇನಬಿ ಒಂದು ಲೋಟ ಮಜ್ಜಿಗೆ ಏರಿ ಮೇಲೆ ಇಡ್ತಿದ್ಳಂತೆ. ಕುಡಿಯೋಳು ಬರ್ಲಿಲ್ಲ, ಕತೇನೂ ಅಷ್ಟಕ್ಕೇ ಮುಗೀತು, ಮಲಕ್ಕೋ ಮಗಾ.